ಸಂಜೆ ಏಳು ಗಂಟೆಯ ವೈಫೈ

ದಾವಣಗೆರೆಯಲ್ಲಿ ಧ್ವನಿವರ್ಧಕ ವೃತ್ತಿಯವರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ

ಮಧ್ಯಾಹ್ನ ಮೂರು ಗಂಟೆಗೆ ಎಲ್ಲರ ವೈಫೈಯೂ ಚೆನ್ನಾಗಿರುತ್ತದೆ. ಈ ಮಾತನ್ನು ನಾನು ಕಲಿತದ್ದು ಇದೇ ಊರಿನ ಒಂದು ಕಲ್ಯಾಣ ಮಂಟಪದಲ್ಲಿ, ಆರತಕ್ಷತೆಯ ಸಂಗೀತ ಕಾರ್ಯಕ್ರಮವೊಂದರಲ್ಲಿ. ವೇದಿಕೆಯ ಪಕ್ಕದ ಮೆಟ್ಟಿಲ ಕೆಳಗೆ ಕಬ್ಬಿಣದ ರ‍್ಯಾಕಿನಲ್ಲಿ ಎಲ್ಲ ಮೈಕುಗಳ ಧ್ವನಿ ಬೆರೆಸುವ ಮಿಕ್ಸರ್ ಇರಿಸಿ, ಅದರೊಳಗೇ ಇದ್ದ ವೈಫೈಗೆ ಟ್ಯಾಬ್ ಜೋಡಿಸಿಕೊಂಡು, ಸಭಾಂಗಣದ ಕೊನೆಯ ಸಾಲಿನವರೆಗೂ ನಡೆದು ನೋಡಿದ್ದೆ. ಊಟದ ಮನೆಯ ಬಾಗಿಲಿನಲ್ಲಿ ನಿಂತರೂ ಧ್ವನಿ ಏರಿಳಿಸುವ ಜಾರುಗುಂಡಿ, ಅಂದರೆ ಫೇಡರ್, ಬೆರಳಿನ ಜೊತೆಗೇ ಓಡುತ್ತಿತ್ತು. ಸಂಜೆ ಏಳೂವರೆಗೆ ಗಾಯಕಿ, ತನ್ನ ಧ್ವನಿ ತನಗೇ ಕೇಳಲೆಂದು ಮುಂದಿಟ್ಟಿದ್ದ ಮಾನಿಟರ್ ಸ್ಪೀಕರಿನ ಕಡೆಗೆ ಬಾಗಿದಾಗ ಮೈಕ್ ಕೂಗತೊಡಗಿತು. ನಾನು ಟ್ಯಾಬಿನಲ್ಲಿ ಫೇಡರ್ ಎಳೆದೆ. ಪರದೆಯ ಮೇಲೆ ಅದು ಕೆಳಗಿಳಿಯಿತು, ಕೂಗು ಮಾತ್ರ ಇಳಿಯಲಿಲ್ಲ. ಮತ್ತೆ ಎಳೆದೆ, ಮ್ಯೂಟ್ ಒತ್ತಿದೆ, ಏನೂ ಆಗಲಿಲ್ಲ. ಕೊನೆಗೆ, ವಧೂವರರಿಗೆ ಉಡುಗೊರೆ ಕೊಡಲು ನಿಂತಿದ್ದವರ ಸಾಲನ್ನು ಸೀಳಿಕೊಂಡು ಓಡಿಹೋಗಿ, ಮೆಟ್ಟಿಲ ಕೆಳಗೆ ತೂರಿ, ಕೈಗೆ ಸಿಕ್ಕ ಕೇಬಲ್ ಕಿತ್ತೆ. ಕಿತ್ತದ್ದು ತಬಲದ ಮೈಕಿನದು ಎಂಬುದು ಆಮೇಲೆ ತಿಳಿಯಿತು.

ಮಿಕ್ಸರ್ ಅದೇ, ಟ್ಯಾಬ್ ಅದೇ, ನಾನು ನಿಂತಿದ್ದ ಜಾಗವೂ ಹೆಚ್ಚುಕಡಿಮೆ ಅದೇ. ಮೂರು ಗಂಟೆಗೂ ಏಳೂವರೆಗೂ ನಡುವೆ ಬದಲಾಗಿದ್ದದ್ದು ಮಿಕ್ಸರಿಗೂ ನನಗೂ ಮಧ್ಯದ ಜಾಗ. ಅಲ್ಲಿ ನೂರಾರು ಜನ ಬಂದು ಕುಳಿತಿದ್ದರು, ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಫೋನ್ ಇತ್ತು, ಹೊರಗೆ ಡ್ರೋನ್ ಹಾರುತ್ತಿತ್ತು, ಒಳಗೆ ವಿಡಿಯೋದವರು ಕ್ಯಾಮೆರಾದಿಂದ ಎಲ್‌ಇಡಿ ಗೋಡೆಗೆ ತಂತಿಯಿಲ್ಲದೆ ಚಿತ್ರ ಕಳಿಸುತ್ತಿದ್ದರು. ಆದ್ದರಿಂದ ಇವತ್ತು ನಾನು ಹೇಳುವುದೆಲ್ಲ ಏಳು ಗಂಟೆಯ ಲೆಕ್ಕದಲ್ಲಿ; ಖಾಲಿ ಸಭಾಂಗಣದಲ್ಲಿ ಮಾಡಿದ ಪರೀಕ್ಷೆಗೆ ನಾನು ಬೆಲೆ ಕೊಡುವುದನ್ನು ಬಿಟ್ಟು ಬಹಳ ದಿನಗಳಾದವು.

ಮೊದಲಿಗೆ, ಗಾಳಿಯಲ್ಲಿ ಹೋಗುವುದು ಏನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ, ಏಕೆಂದರೆ ನಮ್ಮಲ್ಲೇ ಕೆಲವರಿಗೆ ಇದರ ಬಗ್ಗೆ ಗೊಂದಲವಿದೆ. ಟ್ಯಾಬಿನಿಂದ ಮಿಕ್ಸರ್ ನಡೆಸುವಾಗ ವೈಫೈ ಮೇಲೆ ಧ್ವನಿ ಹೋಗುವುದಿಲ್ಲ. ಈ ಫೇಡರ್ ಇಷ್ಟು ಇಳಿಸು, ಆ ಚಾನೆಲ್ ಮುಚ್ಚು ಎಂಬ ಆಜ್ಞೆಗಳು ಒಂದು ಕಡೆಗೂ, ಮೀಟರಿನ ಏರಿಳಿತಗಳು ಇನ್ನೊಂದು ಕಡೆಗೂ ಹೋಗುತ್ತವೆ, ಅಷ್ಟೆ. ಕಾರ್ಡ್‌ಲೆಸ್ ಮೈಕುಗಳನ್ನು ಬಿಟ್ಟರೆ, ಧ್ವನಿ ಮೈಕಿನಿಂದ ಸ್ಪೀಕರಿನವರೆಗೆ ತಂತಿಯಲ್ಲಿಯೇ ಇರುತ್ತದೆ. ವೇದಿಕೆಯ ಮೇಲೆ ಮೈಕುಗಳನ್ನು ಸಿಕ್ಕಿಸುವ ಸ್ಟೇಜ್ ಬಾಕ್ಸಿನಿಂದ ಡಿಜಿಟಲ್ ಧ್ವನಿ ತರುವ ಎಇಎಸ್50 ಸಂಪರ್ಕ ಕೂಡ ಕೇಬಲ್ಲಿನದು. ನೆಟ್‌ವರ್ಕ್ ಕೇಬಲ್ಲಿನಲ್ಲಿ ಧ್ವನಿ ಸಾಗಿಸುವ ಡಾಂಟೆ ಜಾಲವನ್ನು ವೈಫೈ ಮೇಲೆ ನಡೆಸಲು ಅದನ್ನು ರೂಪಿಸಿದವರೇ ಬೆಂಬಲ ಕೊಡುವುದಿಲ್ಲ. ಹೀಗಾಗಿ ವೈಫೈ ಕಡಿದರೆ ಕಾರ್ಯಕ್ರಮ ನಿಲ್ಲುವುದಿಲ್ಲ, ಮಿಕ್ಸರ್ ಕೊನೆಗೆ ನೀವು ಬಿಟ್ಟ ಸ್ಥಿತಿಯಲ್ಲಿಯೇ ನಡೆಯುತ್ತಿರುತ್ತದೆ. ಇದು ಸಮಾಧಾನದ ಸಂಗತಿ ಎಂದು ಕಾಣಬಹುದು. ಆದರೆ ನೀವು ಬಿಟ್ಟ ಸ್ಥಿತಿಯಲ್ಲಿ ಸ್ವಾಮೀಜಿಯವರ ಮೈಕ್ ಮುಚ್ಚಿದ್ದು ಅವರು ಆಶೀರ್ವಚನಕ್ಕೆ ಎದ್ದು ನಿಂತರೆ, ಆಗ ಆ ಸಮಾಧಾನ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ನಿಮಗೆ ಗೊತ್ತು.

ಪರದೆಯಲ್ಲಿ ಇಳಿದ ಫೇಡರ್ ಮಿಕ್ಸರಿನಲ್ಲಿ ಏಕೆ ಇಳಿಯಲಿಲ್ಲ ಎಂಬುದಕ್ಕೂ ಕಾರಣವಿದೆ. ನಮ್ಮಲ್ಲಿ ಹೆಚ್ಚಾಗಿ ಓಡಾಡುವ, ಬೆರಿಂಜರ್ ಕಂಪನಿಯ ಎಕ್ಸ್32 ವರ್ಗದ ಮಿಕ್ಸರುಗಳು ಯುಡಿಪಿ ಎಂಬ ವಿಧಾನದಲ್ಲಿ, 10023 ಎಂಬ ಪೋರ್ಟಿನ, ಅಂದರೆ ಜಾಲದ ಬಾಗಿಲ ಸಂಖ್ಯೆಯ, ಮೂಲಕ ಆಜ್ಞೆ ಪಡೆಯುತ್ತವೆ. ಯುಡಿಪಿ ಎಂದರೆ ಅಂಚೆ ಪೆಟ್ಟಿಗೆಗೆ ಕಾರ್ಡು ಹಾಕಿದಂತೆ: ಹಾಕಿದವರ ಕೆಲಸ ಮುಗಿಯಿತು, ತಲುಪಿತೇ ಎಂದು ವಿಚಾರಿಸುವವರಿಲ್ಲ. ವೈಫೈ ತನ್ನ ಮಟ್ಟದಲ್ಲಿ ಕೆಲವು ಬಾರಿ ಮತ್ತೆ ಕಳಿಸಿ ನೋಡುತ್ತದೆ. ಅದೂ ಸೋತರೆ ಆಜ್ಞೆ ದಾರಿಯಲ್ಲೇ ಬಿದ್ದುಹೋಗುತ್ತದೆ, ಟ್ಯಾಬಿನ ಪರದೆ ಮಾತ್ರ ಕೆಲಸವಾಯಿತೆಂದು ತೋರಿಸುತ್ತದೆ. ಮಿಕ್ಸರ್ ತನ್ನಲ್ಲಿ ಆದ ಬದಲಾವಣೆಗಳನ್ನು ಟ್ಯಾಬಿಗೆ ಕಳಿಸುತ್ತಿರಬೇಕಾದರೆ ಟ್ಯಾಬ್ ಹತ್ತು ಸೆಕೆಂಡಿಗೊಮ್ಮೆಯಾದರೂ ‘ನಾನಿನ್ನೂ ಇದ್ದೇನೆ’ ಎಂದು ಹೇಳುತ್ತಿರಬೇಕು. ಆ ಮಾತು ತಲುಪದಿದ್ದರೆ ಮಿಕ್ಸರ್ ತಿಳಿಸುವುದನ್ನು ನಿಲ್ಲಿಸಿಬಿಡುತ್ತದೆ. ಬ್ರೌಸರಿನಲ್ಲಿ ತೆರೆಯುವ ಮಿಕ್ಸರುಗಳಲ್ಲಿ ತೊಂದರೆಯ ರೂಪವೇ ಬೇರೆ. ಅಲ್ಲಿ ಪ್ರತಿ ಆಜ್ಞೆಗೂ ತಲುಪಿದ ಒಪ್ಪಿಗೆ ಬೇಕಾಗಿರುವುದರಿಂದ, ಗಾಳಿ ಕೆಟ್ಟಾಗ ಆಜ್ಞೆಗಳು ಸಾಲುಗಟ್ಟಿ ನಿಂತು, ಸಂಪರ್ಕ ಮರಳಿದ ಕೂಡಲೇ ಒಂದರ ಹಿಂದೊಂದು ಬಂದು ಬೀಳುತ್ತವೆ. ನೀವು ಗಾಬರಿಯಲ್ಲಿ ಆರು ಸಲ ಎಳೆದದ್ದೆಲ್ಲ ಆಗ ಒಮ್ಮೆಲೇ ನಡೆದುಹೋಗುತ್ತದೆ. ಮೀಟರುಗಳು ನಿಂತಿದ್ದರೆ ಫೇಡರ್ ಮುಟ್ಟಬೇಡಿ ಎಂದು ನನ್ನ ಹುಡುಗರಿಗೆ ನಾನು ಹೇಳಿಕೊಟ್ಟಿರುವುದು ಇದಕ್ಕೇ.

ಇನ್ನು ಗಾಳಿಯ ವಿಚಾರ. ಒಂದು ಚಾನೆಲ್ಲಿನಲ್ಲಿ, ಅಂದರೆ ಅಲೆಗಳ ಒಂದು ದಾರಿಯಲ್ಲಿ (ಮಿಕ್ಸರಿನ ಚಾನೆಲ್ ಅಲ್ಲ), ಒಂದು ಹೊತ್ತಿಗೆ ಒಬ್ಬರೇ ಮಾತನಾಡಬಹುದು ಎಂಬುದು ವೈಫೈಯ ಮೂಲ ನಿಯಮ. ಅರಳಿಕಟ್ಟೆಯ ಪಂಚಾಯ್ತಿಯನ್ನು ನೆನಪಿಸಿಕೊಳ್ಳಿ: ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು, ಮೌನವಾದ ಮೇಲೆ ಸ್ವಲ್ಪ ತಡೆದು ಬಾಯಿ ತೆರೆಯಬೇಕು, ಇಬ್ಬರು ಒಟ್ಟಿಗೆ ಶುರು ಮಾಡಿದರೆ ಇಬ್ಬರ ಮಾತೂ ಹಾಳಾಗಿ ಮತ್ತೆ ಮೊದಲಿನಿಂದ ಹೇಳಬೇಕು. ಹತ್ತು ಜನರ ಪಂಚಾಯ್ತಿಯಲ್ಲಿ ಇದು ನಡೆಯುತ್ತದೆ. ಐನೂರು ಜನರದ್ದಾದರೆ ನಿಮ್ಮ ಒಂದು ಮಾತಿಗೆ ಸರದಿ ಬರುವುದೇ ಕಷ್ಟ. ನಿಮ್ಮ ಜಾಲಕ್ಕೆ ಪಾಸ್‌ವರ್ಡ್ ಇದೆ, ಹೊರಗಿನವರು ಬರಲಾಗದು ಎಂದುಕೊಂಡರೆ ಅದು ಈ ವಿಷಯದಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಗಾಳಿಗೆ ಪಾಸ್‌ವರ್ಡ್ ಇಲ್ಲ. ಬೇರೆ ಜಾಲದವರು ಅದೇ ಚಾನೆಲ್ಲಿನಲ್ಲಿ ಮಾತನಾಡುತ್ತಿದ್ದರೂ ನಿಮ್ಮ ಟ್ಯಾಬ್ ಕಾಯಲೇಬೇಕು. ಯಾರ ಜಾಲಕ್ಕೂ ಸೇರದ ಜೇಬಿನ ಫೋನ್ ಕೂಡ ಆಗಾಗ ‘ಇಲ್ಲಿ ನನಗೆ ಗೊತ್ತಿರುವ ವೈಫೈ ಇದೆಯೇ’ ಎಂದು ಕೂಗಿ ಕೇಳುತ್ತಿರುತ್ತದೆ. ಹಾಟ್‌ಸ್ಪಾಟ್ ಹಾಕಿಕೊಂಡು ಕುಳಿತವರ ಒಂದೊಂದು ಫೋನೂ ಒಂದು ಪುಟ್ಟ ರೌಟರ್ ಆಗಿ, ಸೆಕೆಂಡಿಗೆ ಸುಮಾರು ಹತ್ತು ಬಾರಿ ತನ್ನ ಹೆಸರನ್ನು ಸಾರುತ್ತಿರುತ್ತದೆ.

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನೆಲ್ಲುಗಳಿವೆ. ಹದಿಮೂರು ದಾರಿಗಳಿವೆ ಎಂದು ಇದರ ಅರ್ಥವಲ್ಲ. ಚಾನೆಲ್ಲುಗಳ ಮಧ್ಯಬಿಂದುಗಳ ನಡುವೆ ಅಂತರ 5 ಮೆಗಾಹರ್ಟ್ಸ್ ಮಾತ್ರ, ಆದರೆ ಒಂದೊಂದಕ್ಕೂ ಬೇಕಾದ ಅಗಲ 20 ಮೆಗಾಹರ್ಟ್ಸ್. ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವುದು 1, 6 ಮತ್ತು 11, ಈ ಮೂರನ್ನು. ಅದೇ ಪಟ್ಟಿಯಲ್ಲಿ ಬ್ಲೂಟೂತ್ ಇದೆ, ಈಗ ಎಲ್ಲ ಯೂಟ್ಯೂಬ್ ಹುಡುಗರ ಅಂಗಿಯಲ್ಲಿ ಕಾಣುವ ಚಿಕ್ಕ ಕ್ಲಿಪ್ ಮೈಕುಗಳಲ್ಲಿ ಅನೇಕವು ಇವೆ, ದೀಪಗಳಿಗೆ ಆಜ್ಞೆ ಕಳಿಸುವ ಲೈಟಿಂಗಿನವರ ತಂತಿರಹಿತ ಡಿಎಂಎಕ್ಸ್ ಇದೆ, ಹಲವು ಡ್ರೋನುಗಳೂ ಇವೆ. ಇವುಗಳಲ್ಲಿ ಕೆಲವಕ್ಕೆ ಪಂಚಾಯ್ತಿಯ ನಿಯಮವೇ ಗೊತ್ತಿಲ್ಲ. ನಮ್ಮ ಹಳೆಯ ಯುಎಚ್‌ಎಫ್ ಕಾರ್ಡ್‌ಲೆಸ್ ಮೈಕುಗಳು ಮಾತ್ರ ಈ ಜಗಳದಿಂದ ದೂರ, ಅವುಗಳ ಪಟ್ಟಿಯೇ ಬೇರೆ. ಮಿಕ್ಸರಿನೊಳಗೇ ಬರುವ ವೈಫೈ ಅನೇಕ ಮಾದರಿಗಳಲ್ಲಿ 2.4ರದ್ದು, ಆಂಟೆನಾ ಚಿಕ್ಕದು, ಅದೂ ರ‍್ಯಾಕಿನೊಳಗೆ ಸೇರಿಕೊಂಡಿರುತ್ತದೆ. ಮನೆಯಲ್ಲಿ ಕುಳಿತು ಸೀನ್, ಅಂದರೆ ಮಿಕ್ಸರಿನ ಹೊಂದಾಣಿಕೆಗಳ ಕಂತೆ, ಸಿದ್ಧ ಮಾಡಿಕೊಳ್ಳಲು ಅದು ಸಾಕು. ಜನ ಸೇರುವ ಕಾರ್ಯಕ್ರಮಕ್ಕೆ ಅದನ್ನು ಆರಿಸಿ, ಹಿಂದಿನ ಈಥರ್ನೆಟ್ (ನೆಟ್‌ವರ್ಕ್ ಕೇಬಲ್) ಕಿಂಡಿಗೆ ಬೇರೆ ರೌಟರ್ ಜೋಡಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎಕ್ಸ್32 ಅಂಥ ಮಿಕ್ಸರಿಗೆ ಒಳಗಿನ ವೈಫೈ ಇಲ್ಲವೇ ಇಲ್ಲ. ಅದನ್ನು ಕೊರತೆ ಎನ್ನುವವರಿದ್ದಾರೆ, ನಾನು ಅದನ್ನು ಉಪಕಾರವೆಂದೇ ಭಾವಿಸುತ್ತೇನೆ.

ಆ ರೌಟರ್ 5 ಗಿಗಾಹರ್ಟ್ಸಿನದಾಗಿರಲಿ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು 5 ಗಿಗಾಹರ್ಟ್ಸ್ ಪಟ್ಟಿಯ ಒಟ್ಟು 605 ಮೆಗಾಹರ್ಟ್ಸ್ ಅಗಲವನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟಿತು. 2.4ರಲ್ಲಿ ಇರುವುದು 83.5 ಮಾತ್ರ ಎಂಬುದನ್ನು ಪಕ್ಕದಲ್ಲಿಟ್ಟರೆ ಅಗಲದ ಅಂದಾಜು ಸಿಗುತ್ತದೆ. 5ರ ಅಲೆಗಳು ಗೋಡೆ ದಾಟುವುದು ಕಡಿಮೆ ಎಂದು ದೂರುತ್ತಾರೆ. ನಮಗೆ ಅದು ಲಾಭವೇ, ಏಕೆಂದರೆ ಪಕ್ಕದ ಕಟ್ಟಡದ ಗಲಾಟೆಯೂ ಒಳಗೆ ಬರುವುದಿಲ್ಲ. ಆದರೆ ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ನಡೆಯಬೇಕು. 52ರಿಂದ 144ರವರೆಗಿನ ಚಾನೆಲ್ಲುಗಳು ರೇಡಾರ್‌ಗಳ ಜೊತೆ ಹಂಚಿಕೊಂಡವು. ಅವುಗಳಲ್ಲಿ ಮಾತನಾಡುವ ಮೊದಲು ರೌಟರ್ ಸಾಮಾನ್ಯವಾಗಿ ಒಂದು ನಿಮಿಷ ಸುಮ್ಮನೆ ಕಿವಿಗೊಟ್ಟು ಕೇಳುತ್ತದೆ. ಮಧ್ಯದಲ್ಲಿ ರೇಡಾರ್ ಕೇಳಿಸಿತೆಂದು ಅದಕ್ಕೆ ಅನಿಸಿದರೆ ಹತ್ತು ಸೆಕೆಂಡಿನೊಳಗೆ ಜಾಗ ಖಾಲಿ ಮಾಡಿ ಬೇರೆಡೆಗೆ ಹೋಗುತ್ತದೆ. ನಿಜವಾದ ರೇಡಾರೇ ಆಗಬೇಕೆಂದಿಲ್ಲ, ತಪ್ಪು ತಿಳಿದರೂ ಹೋಗುತ್ತದೆ. ರೌಟರನ್ನು ‘ಆಟೋ’ದಲ್ಲಿ ಬಿಟ್ಟವರಿಗೆ ಕಾರ್ಯಕ್ರಮದ ನಡುವೆ ಕಾರಣವಿಲ್ಲದೆ ಟ್ಯಾಬ್ ಕಡಿದು ಮತ್ತೆ ಸೇರಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಚಾನೆಲ್ಲನ್ನು ಕೈಯಾರೆ ಆರಿಸಿ: 36ರಿಂದ 48ರೊಳಗೆ, ಇಲ್ಲವೇ 149ರಿಂದ ಮೇಲಕ್ಕೆ. ಡ್ರೋನುಗಳೂ ಕೆಲವು ತಂತಿರಹಿತ ವಿಡಿಯೋ ಸಾಧನಗಳೂ 149ರ ಆಚೆಗೆ ಕುಳಿತಿರುವುದು ಹೆಚ್ಚು, ಹಾಗಾಗಿ ನಾನು ಮೊದಲು ನೋಡುವುದು 36ರ ಕಡೆಗೆ.

ಅಗಲವನ್ನು 20 ಮೆಗಾಹರ್ಟ್ಸಿಗೆ ಇಳಿಸಿ. ಅಂಗಡಿಯಿಂದ ಬಂದ ರೌಟರ್ 80ರಲ್ಲಿರುತ್ತದೆ, ಸಿನಿಮಾ ಬೇಗ ಇಳಿಯಲೆಂದು. ನಮ್ಮ ಆಜ್ಞೆಗಳಿಗೆ ಅಷ್ಟು ಅಗಲದ ರಸ್ತೆ ಬೇಡ. ಅಗಲ ಇಮ್ಮಡಿಯಾದಂತೆಲ್ಲ ಒಳಬರುವ ಗದ್ದಲವೂ 3 ಡೆಸಿಬೆಲ್ ಏರುತ್ತದೆ, ಮತ್ತೊಬ್ಬರ ಜೊತೆ ಡಿಕ್ಕಿಯಾಗುವ ಸಾಧ್ಯತೆಯೂ ಏರುತ್ತದೆ. ಈಕ್ವಲೈಜರಿನಲ್ಲಿ ಬೇಡದ ಪಟ್ಟಿ ಕತ್ತರಿಸುವ ಕೆಲಸ ನಿಮಗೆ ಹೊಸದಲ್ಲ.

ಈಗ ಎತ್ತರದ ಪ್ರಶ್ನೆ, ನನ್ನ ಅನುಭವದಲ್ಲಿ ಉಳಿದೆಲ್ಲಕ್ಕಿಂತ ದೊಡ್ಡದು. ಮನುಷ್ಯನ ಮೈ ಬಹುಪಾಲು ನೀರು; ಈ ಅಲೆಗಳನ್ನು ನೀರು ಹೀರುತ್ತದೆ. ಹೈಸ್ಕೂಲ್ ಮೈದಾನದಲ್ಲಿ ಕಾರ್ಯಕ್ರಮ ನಡೆಯುವಾಗ ವೇದಿಕೆಗೂ ನಮ್ಮ ಮಿಕ್ಸಿಂಗ್ ಜಾಗಕ್ಕೂ ನಡುವೆ ನಲವತ್ತು ಮೀಟರ್ ಅಂತರವಿದ್ದರೆ, ಮಧ್ಯಾಹ್ನ ಅದು ಬಯಲು, ಸಂಜೆ ಅದು ನೀರು ತುಂಬಿದ ಕೆರೆ. ರೌಟರ್ ವೇದಿಕೆಯ ನೆಲದ ಮೇಲಿದ್ದರೆ ಅಲೆ ಆ ಕೆರೆಯನ್ನು ಈಜಿಕೊಂಡು ಬರಬೇಕು. ಅದನ್ನು ಸ್ಪೀಕರ್ ಸ್ಟ್ಯಾಂಡಿಗೋ ಟ್ರಸ್ಸಿಗೋ ಕಟ್ಟಿ ಮೂರು ಮೀಟರ್ ಏರಿಸಿದರೆ ತಲೆಗಳ ಮೇಲಿಂದ ಹಾರಿ ಬರುತ್ತದೆ. ಖರ್ಚು ಏನೂ ಇಲ್ಲ, ಎರಡು ಕೇಬಲ್ ಟೈ ಸಾಕು. ಕಡ್ಡಿಯಂಥ ಆಂಟೆನಾದ ತುದಿಯಿಂದ ಅಲೆ ಹೊರಡುವುದು ಬಹಳ ಕಡಿಮೆ, ಹೆಚ್ಚಿನದು ಅದರ ಸುತ್ತಲೂ ಬಳೆಯ ಹಾಗೆ ಹೊರಡುತ್ತದೆ; ಹಾಗಾಗಿ ಕಡ್ಡಿಯನ್ನು ನಿಮ್ಮತ್ತ ಬೊಟ್ಟು ಮಾಡಿದಂತೆ ತಿರುಗಿಸಬೇಡಿ, ನೆಟ್ಟಗೆ ನಿಲ್ಲಿಸಿ. ಎಲ್‌ಇಡಿ ಗೋಡೆಯ ಹಿಂದೆ, ಆಂಪ್ಲಿಫಯರ್ ರ‍್ಯಾಕಿನ ಒಳಗೆ, ತಗಡಿನ ಚಪ್ಪರಕ್ಕೆ ತಾಗಿಸಿ ಇಡಬೇಡಿ. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ.

ಸಾಣೇಹಳ್ಳಿಯ ಬಯಲು ರಂಗಮಂದಿರವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಪ್ರೇಕ್ಷಕರು ಕೂರುವುದು ಮೆಟ್ಟಿಲು ಮೆಟ್ಟಿಲಾಗಿ ಏರುವ ಆಸನಗಳಲ್ಲಿ. ಹಿಂದೆ ಎತ್ತರದಲ್ಲಿ ಕುಳಿತವನಿಗೆ ರಂಗ ನೇರವಾಗಿ ಕಾಣುತ್ತದೆ, ಕಣ್ಣಿಗೆ ಕಂಡದ್ದು ಹೆಚ್ಚುಕಡಿಮೆ ಅಲೆಗೂ ಕಾಣುತ್ತದೆ. ಚಪ್ಪಟೆ ಮೈದಾನದಲ್ಲಿ ಆ ಅನುಕೂಲವನ್ನು ನಾವೇ ಸ್ಟ್ಯಾಂಡ್ ನಿಲ್ಲಿಸಿ ಮಾಡಿಕೊಳ್ಳಬೇಕು. ಇಲ್ಲಿ ಒಂದು ಹಳೆಯ ಮಾತು ನೆನಪಾಗುತ್ತದೆ. ನಮ್ಮದು ಚಿಂದೋಡಿ ಲೀಲಾ ಅವರ ಊರು, ಕಂಪನಿ ನಾಟಕಗಳ ಊರು. ಮೇಲಿಂದ ತೂಗುಬಿಟ್ಟ ಮೈಕಿನ ಕೆಳಗೆ ಬಂದು ನಟರು ಮಾತು ಹೇಳುತ್ತಿದ್ದ ಆ ದಿನಗಳಲ್ಲಿ ಮೈಕಿನವನು ಸೈಡ್‌ವಿಂಗಿನಲ್ಲಿ ಆಂಪ್ಲಿಫಯರ್ ಪಕ್ಕದಲ್ಲೇ ಕೂರುತ್ತಿದ್ದ, ಕೈ ಯಾವಾಗಲೂ ತಿರುಗಣೆಯ ಮೇಲೆ. ಅವನಿಗೆ ಮುಂದಿನ ಸ್ಪೀಕರಿನ ಧ್ವನಿ ಸರಿಯಾಗಿ ಕೇಳುತ್ತಿರಲಿಲ್ಲ, ನಿಜ. ಆದರೆ ಅವನ ಕೈಗೂ ಯಂತ್ರಕ್ಕೂ ನಡುವೆ ಯಾರೂ ಬಂದು ಕೂರುತ್ತಿರಲಿಲ್ಲ. ಫೇಡರುಗಳೇ ಇಲ್ಲದ ಪೆಟ್ಟಿಗೆ ಮಿಕ್ಸರುಗಳನ್ನು ಕೊಂಡು, ಕೈಯನ್ನು ಯಂತ್ರದಿಂದ ದೂರ ಮಾಡಿಕೊಂಡವರು ನಾವು.

ರೌಟರಿನ ಶಕ್ತಿ ಹೆಚ್ಚಿಸಿದರೆ ಸಾಲದೇ ಎಂದು ಕೇಳುವವರಿಗೆ ನಮ್ಮ ಕಸುಬಿನದೇ ಒಂದು ಉದಾಹರಣೆ ಸಾಕು. ವೇದಿಕೆಯ ಮೇಲಿನ ಭಾಷಣಕಾರರು ಲೈನ್ ಅರೇ ಸ್ಪೀಕರುಗಳಲ್ಲಿ ಎಷ್ಟು ಜೋರಾಗಿ ಮಾತನಾಡಿದರೂ, ಕೊನೆಯ ಸಾಲಿನವನು ಪಿಸುಗುಟ್ಟಿದ ಪ್ರಶ್ನೆ ಅವರಿಗೆ ಕೇಳುವುದಿಲ್ಲ. ಟ್ಯಾಬಿನ ಪ್ರಸಾರಕ ಚಿಕ್ಕದು. ರೌಟರ್ ಅದನ್ನು ಕೇಳಿಸಿಕೊಳ್ಳಬೇಕು. ಪರದೆಯಲ್ಲಿ ಸಂಕೇತದ ಗೆರೆಗಳು ತುಂಬಿದ್ದರೂ ಆಜ್ಞೆ ಹೋಗದಿರುವುದು ಇದರಿಂದಲೇ. ಒಂದೇ ದಿಕ್ಕಿಗೆ ಮುಖ ಮಾಡುವ ಚಪ್ಪಟೆ ಆಂಟೆನಾ ಇದ್ದರೆ ಅದು ಹೇಳುವುದಕ್ಕೂ ಕೇಳುವುದಕ್ಕೂ ಸಮನಾಗಿ ನೆರವಾಗುತ್ತದೆ. ಅದಕ್ಕಿಂತ ಸುಲಭವಾದದ್ದು ಹತ್ತಿರ ಬರುವುದು: ದೂರ ಅರ್ಧವಾದರೆ ತೆರೆದ ಬಯಲಿನಲ್ಲಿ ಸಂಕೇತ 6 ಡೆಸಿಬೆಲ್ ಏರುತ್ತದೆ, ಸ್ಪೀಕರಿನ ಲೆಕ್ಕವೇ.

ಆದ್ದರಿಂದ ದೊಡ್ಡ ಮೈದಾನದಲ್ಲಿ, ಉದಾಹರಣೆಗೆ ತರಳಬಾಳು ಹುಣ್ಣಿಮೆಯಂಥ ಹಲವು ದಿನಗಳ ಜನಸಾಗರದ ಕಾರ್ಯಕ್ರಮದಲ್ಲಿ, ವೇದಿಕೆಯಿಂದ ಮಿಕ್ಸಿಂಗ್ ಜಾಗದವರೆಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆದು ರೌಟರನ್ನು ನಿಮ್ಮ ಪಕ್ಕದಲ್ಲೇ ಎತ್ತರಕ್ಕೆ ಕಟ್ಟಿಬಿಡಿ. ಈಥರ್ನೆಟ್ ಕೇಬಲ್ 100 ಮೀಟರಿನವರೆಗೆ ನಡೆಯುತ್ತದೆ, ಹೇಗೂ ಕರೆಂಟಿನ ಕೇಬಲ್ ಹಿಂದಕ್ಕೆ ಬರಲೇಬೇಕು. ಮೂರು ಮೀಟರ್ ದೂರದ ರೌಟರಿನ ಎದುರು ಐವತ್ತು ಮೀಟರ್ ಆಚೆಯ ಗದ್ದಲ ಹೆಚ್ಚೇನೂ ಮಾಡಲಾರದು. ಮಾನಿಟರ್ ಸರಿಪಡಿಸಲು ವೇದಿಕೆಗೆ ನಡೆದುಹೋಗಬೇಕಾದರೆ ಅಲ್ಲಿ ವೈಫೈ ಹರಡುವ ಎರಡನೆಯ ಪೆಟ್ಟಿಗೆ, ಅಂದರೆ ಆಕ್ಸೆಸ್ ಪಾಯಿಂಟ್, ಇಡಿ, ಹೆಸರು ಪಾಸ್‌ವರ್ಡ್ ಒಂದೇ ಇರಲಿ, ಚಾನೆಲ್ ಬೇರೆ ಇರಲಿ, ಎರಡರ ನಡುವೆ ಕೇಬಲ್ ಇರಲಿ. ಗಾಳಿಯಲ್ಲೇ ಗಾಳಿಯನ್ನು ಮುಂದಕ್ಕೆ ಸಾಗಿಸುವ ಅಗ್ಗದ ರಿಪೀಟರುಗಳನ್ನು ನಾನು ಬಳಸುವುದಿಲ್ಲ. ಅವು ಪ್ರತಿ ಮಾತನ್ನೂ ಎರಡು ಸಲ ಆಡಿ ಸರದಿಯನ್ನು ಇನ್ನಷ್ಟು ಉದ್ದ ಮಾಡುತ್ತವೆ.

ಕೇಬಲ್ ಜೋಡಿಸುವಾಗ ಒಂದು ಎಚ್ಚರ: ರೌಟರಿನ ಹಿಂದೆ ಬೇರೆ ಬಣ್ಣದಲ್ಲಿರುವ ಇಂಟರ್ನೆಟ್ ಕಿಂಡಿಗೆ ಮಿಕ್ಸರ್ ಸಿಕ್ಕಿಸಿದರೆ ಟ್ಯಾಬಿಗೆ ಅದು ಕಾಣುವುದಿಲ್ಲ, ಉಳಿದ ಕಿಂಡಿಗಳಲ್ಲೊಂದಕ್ಕೆ ಹಾಕಬೇಕು. ಮಿಕ್ಸರಿಗೆ ಬದಲಾಗದ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಕೊಡಿ. ರೌಟರ್ 192.168.10.1 ಆದರೆ ಮಿಕ್ಸರ್ 192.168.10.20 ಎಂದಿಟ್ಟು, ಟ್ಯಾಬುಗಳಿಗೆ ರೌಟರ್ ತಾನೇ ವಿಳಾಸ ಹಂಚಲಿ, ಹಂಚುವಿಕೆ 192.168.10.100ರಿಂದ ಶುರುವಾಗಲಿ. ಒಂದು ಜಾಲದಲ್ಲಿ ವಿಳಾಸ ಹಂಚುವವರು ಒಬ್ಬರೇ ಇರಬೇಕು. ಚಿತ್ರದುರ್ಗದ ಒಂದು ನಾಟಕ ಪ್ರದರ್ಶನದಲ್ಲಿ ಕಿಂಡಿಗಳು ಸಾಲವೆಂದು ನಮ್ಮ ಹುಡುಗನೊಬ್ಬ ಮನೆಯ ಹಳೆಯ ರೌಟರನ್ನು ತಂದು ನಡುವೆ ಸಿಕ್ಕಿಸಿದ್ದ. ಅದೂ ವಿಳಾಸ ಹಂಚತೊಡಗಿತು. ಒಂದು ಟ್ಯಾಬಿಗೆ ಮಿಕ್ಸರ್ ಕಾಣುತ್ತಿತ್ತು, ಇನ್ನೊಂದಕ್ಕೆ ಕಾಣುತ್ತಿರಲಿಲ್ಲ, ಆರಿಸಿ ಹಾಕಿದರೆ ಅದಲುಬದಲಾಗುತ್ತಿತ್ತು. ಮೊದಲ ಗಂಟೆ ಹೊಡೆಯುವವರೆಗೂ ನಾವು ದೆವ್ವ ಹುಡುಕುತ್ತಿದ್ದೆವು. ಕಿಂಡಿ ಸಾಲದಿದ್ದರೆ, ಕಿಂಡಿ ಹೆಚ್ಚಿಸುವ ಕೆಲಸ ಮಾತ್ರ ಮಾಡುವ ಸಾದಾ ನೆಟ್‌ವರ್ಕ್ ಸ್ವಿಚ್ ತನ್ನಿ. ಒಂದೇ ಕೇಬಲ್ಲಿನ ಎರಡೂ ತುದಿ ಅದೇ ಸ್ವಿಚ್ಚಿಗೆ ಹೋಗದಂತೆ ನೋಡಿಕೊಳ್ಳಿ, ಇಡೀ ಜಾಲ ಸುತ್ತಿ ಸುತ್ತಿ ನಿಂತುಹೋಗುತ್ತದೆ, ಮೈಕ್ ಕೂಗುವ ನಮ್ಮ ಫೀಡ್‌ಬ್ಯಾಕಿನ ಹಾಗೆ.

ಟ್ಯಾಬಿನ ಬುದ್ಧಿವಂತಿಕೆಯೂ ನಮಗೆ ಶತ್ರು. ನಮ್ಮ ರೌಟರಿಗೆ ಇಂಟರ್ನೆಟ್ ಇರುವುದಿಲ್ಲ, ಇರಲೂ ಬಾರದು. ‘ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ’ ಎಂದು ಕಂಡುಕೊಂಡ ಟ್ಯಾಬ್ ನಿಮಗೆ ಉಪಕಾರ ಮಾಡಲೆಂದು ಮೊಬೈಲ್ ಡೇಟಾಗೋ, ಹಿಂದೊಮ್ಮೆ ಸೇರಿದ್ದ ಕಲ್ಯಾಣ ಮಂಟಪದ ವೈಫೈಗೋ ಹಾರಿಬಿಡುತ್ತದೆ. ಆದ್ದರಿಂದ ಮಿಕ್ಸಿಂಗ್ ಟ್ಯಾಬಿಗೆ ಸಿಮ್ ಹಾಕಬೇಡಿ, ಏರೋಪ್ಲೇನ್ ಮೋಡ್ ಒತ್ತಿ ವೈಫೈ ಮಾತ್ರ ತೆರೆಯಿರಿ, ಬ್ಲೂಟೂತ್ ಮುಚ್ಚಿ, ಉಳಿದ ಎಲ್ಲ ವೈಫೈ ಹೆಸರುಗಳನ್ನು ಮರೆಸಿಬಿಡಿ. ಪರದೆ ತಾನೇ ಆರುವುದನ್ನು ನಿಲ್ಲಿಸಿ. ಬ್ಯಾಟರಿ ಉಳಿಸುವ ವ್ಯವಸ್ಥೆ ಬೇಡ, ಅದು ವೈಫೈಯನ್ನೂ ಆಗಾಗ ನಿದ್ದೆಗೆ ಕಳಿಸುತ್ತದೆ. ನೀವು ರೌಟರಿನಲ್ಲಿ ಟ್ಯಾಬಿಗೆ ಕಾಯಂ ವಿಳಾಸ ಕಾಯ್ದಿರಿಸಿದ್ದರೆ, ಈಗಿನ ಟ್ಯಾಬುಗಳು ಗೋಪ್ಯತೆಗಾಗಿ ತಮ್ಮ ಯಂತ್ರದ ಗುರುತನ್ನೇ ಬದಲಿಸಿ ಹೇಳುತ್ತವೆ ಎಂಬುದು ನೆನಪಿರಲಿ, ಆ ಜಾಲದ ಮಟ್ಟಿಗೆ ಅದನ್ನು ಮುಚ್ಚಬೇಕು. ಇನ್ನು ಬಿಸಿಲು. ಐಪ್ಯಾಡ್ ಅನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಬೇಕೆಂದು ತಯಾರಕರೇ ಹೇಳುತ್ತಾರೆ. ನಮ್ಮ ಏಪ್ರಿಲ್ ಅದನ್ನು ಎಲ್ಲಿ ಕೇಳುತ್ತದೆ? ಜಾತ್ರೆಯ ಬಯಲಿನಲ್ಲಿ ಹಗಲು ಕಾರ್ಯಕ್ರಮವಿದ್ದರೆ ಟ್ಯಾಬಿಗೆ ನೆರಳು ಮಾಡಿ. ಕಾದ ಟ್ಯಾಬ್ ಮೊದಲು ಪರದೆಯನ್ನು ಮಂಕು ಮಾಡುತ್ತದೆ, ಆಮೇಲೆ ತಣಿಯುವವರೆಗೆ ಕೆಲಸವನ್ನೇ ನಿಲ್ಲಿಸುತ್ತದೆ.

ಪಾಸ್‌ವರ್ಡ್ ಯಾರಿಗೂ ಕೊಡಬೇಡಿ ಎಂದು ಹೇಳುವುದು ಸುಲಭ. ಆದರೆ ವಾದ್ಯಗಾರರು ತಮ್ಮ ಮಾನಿಟರನ್ನು ತಮ್ಮ ಫೋನಿನಿಂದಲೇ ಸರಿ ಮಾಡಿಕೊಳ್ಳುತ್ತೇವೆಂದರೆ ಬೇಡವೆನ್ನಲು ಬರುವುದಿಲ್ಲ. ಅವರಿಗೆ 2.4ರಲ್ಲಿ ಬೇರೆ ಹೆಸರಿನ ದಾರಿ ಕೊಟ್ಟು, 5ರದ್ದನ್ನು ನಿಮಗೆ ಮಾತ್ರ ಇಟ್ಟುಕೊಳ್ಳಿ. ದೂರದ ನಿಧಾನಗತಿಯ ಫೋನೊಂದು ಅದೇ ಚಾನೆಲ್ಲಿನಲ್ಲಿದ್ದರೆ ಅದು ಒಂದು ಮಾತನ್ನು ಎಳೆದೆಳೆದು ಹೇಳಿ ಮುಗಿಸುವವರೆಗೆ ನೀವು ಕಾಯಬೇಕಾಗುತ್ತದೆ. ಜಾಲದ ಹೆಸರು ಅಡಗಿಸಿಡುವುದರಿಂದ ರಕ್ಷಣೆಯೇನೂ ಸಿಗುವುದಿಲ್ಲ. ಹೆಸರಿನಲ್ಲಿ ‘ಸೌಂಡ್’ ಎಂದಿದ್ದರೆ ಮಾತ್ರ ಮದುವೆ ಮನೆಯ ಮಕ್ಕಳು ಪಾಸ್‌ವರ್ಡ್ ಊಹಿಸುತ್ತ ಕೂರುತ್ತಾರೆ, ಹಾಗಾಗಿ ನಮ್ಮ ರೌಟರಿನ ಹೆಸರು ‘ಪ್ರಿಂಟರ್’. ಪ್ರಿಂಟರಿಗೆ ಸೇರಲು ಇದುವರೆಗೆ ಯಾರೂ ಆಸೆಪಟ್ಟಿಲ್ಲ.

ಕರೆಂಟಿನ ವಿಷಯ ಚಿಕ್ಕದು, ಆದರೆ ಬಿಟ್ಟರೆ ಕೆಡುತ್ತದೆ. ಲೈನ್ ಹೋಗಿ ಜನರೇಟರ್ ಹಿಡಿಯುವ ಆ ಕ್ಷಣದಲ್ಲಿ ಆಂಪ್ಲಿಫಯರುಗಳು ಒಮ್ಮೆ ಉಸಿರು ಬಿಟ್ಟು ಮತ್ತೆ ಎದ್ದುಕೊಳ್ಳುತ್ತವೆ. ರೌಟರ್ ಹಾಗಲ್ಲ, ಅದು ಮತ್ತೆ ಎದ್ದು ನಿಲ್ಲಲು ಒಂದೆರಡು ನಿಮಿಷ ಬೇಕು, ರೇಡಾರ್ ಹಂಚಿಕೆಯ ಚಾನೆಲ್ಲಿನಲ್ಲಿದ್ದರೆ ಕಿವಿಗೊಡುವ ಇನ್ನೊಂದು ನಿಮಿಷ. ಮಿಕ್ಸರಿಗೂ ರೌಟರಿಗೂ ಒಂದೇ ಯುಪಿಎಸ್ ಇರಲಿ, ನಡುವೆ ನೆಟ್‌ವರ್ಕ್ ಸ್ವಿಚ್ ಇದ್ದರೆ ಅದಕ್ಕೂ. ಮಿಕ್ಸರನ್ನು ಮಾತ್ರ ಯುಪಿಎಸ್ಸಿಗೆ ಹಾಕಿ ರೌಟರನ್ನು ಲೈಟಿಂಗಿನವರ ಬೋರ್ಡಿಗೆ ಸಿಕ್ಕಿಸಿದವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಪರೀಕ್ಷೆ ಹೇಗೆ ಎಂದರೆ, ಬೆಳಿಗ್ಗೆ ಬಂದ ಕೂಡಲೇ ಫೋನಿನಲ್ಲಿ ವೈಫೈ ಅನಲೈಜರ್ ತೆರೆದು ಯಾವ ಚಾನೆಲ್ಲಿನಲ್ಲಿ ಯಾರು ಕುಳಿತಿದ್ದಾರೆ ನೋಡಿ. ವಿಡಿಯೋದವರನ್ನು, ಲೈಟಿಂಗಿನವರನ್ನು ಮಾತನಾಡಿಸಿ; ಅವರ ಸಾಧನ ಯಾವ ಚಾನೆಲ್ ಬಳಸುತ್ತದೆ ಎಂದು ಕೇಳಿ, ಅವರಿಗೂ ನಿಮ್ಮದನ್ನು ಹೇಳಿ. ಅವರೂ ತಮ್ಮ ಚಿತ್ರ ಕಡಿಯುವುದೇಕೆ ಎಂದು ಒದ್ದಾಡುತ್ತಿರುತ್ತಾರೆ. ನೀವು ನಿಲ್ಲುವ ಪ್ರತಿ ಜಾಗದಲ್ಲೂ ಸಂಕೇತ ಮೈನಸ್ 65 ಡಿಬಿಎಂಗಿಂತ (ಇದು ಸಂಕೇತದ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಕೆಳಗಿಳಿಯದಿರಲಿ. ಖಾಲಿ ಮೈದಾನದಲ್ಲೇ ಅದು ಮೈನಸ್ 65 ಇದ್ದರೆ ಜನ ಬಂದಾಗ ಸಾಲದು, ಖಾಲಿ ಇರುವಾಗ ಮೈನಸ್ 50ರ ಹತ್ತಿರ ಬೇಕು. ಆಮೇಲೆ ಒಂದು ಲ್ಯಾಪ್‌ಟಾಪನ್ನು ವೈಫೈಯಲ್ಲಿಟ್ಟು ಮಿಕ್ಸರಿನ ವಿಳಾಸಕ್ಕೆ ಪಿಂಗ್, ಅಂದರೆ ‘ಇದ್ದೀಯಾ’ ಎಂದು ಕೇಳಿ ಉತ್ತರದ ಸಮಯ ಅಳೆಯುವ ಆಜ್ಞೆ, ಓಡಲು ಬಿಡಿ. ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರುತ್ತಿದ್ದರೆ ಸರಿ. ನಡುನಡುವೆ ನೂರು ಇನ್ನೂರು ದಾಟಿದರೆ ಅಥವಾ ಉತ್ತರವೇ ಬಾರದಿದ್ದರೆ ಗಾಳಿ ಕೆಡುತ್ತಿದೆ ಎಂದು ಅರ್ಥ. ಸಭೆ ಅರ್ಧ ತುಂಬಿದಾಗ, ಸ್ವಾಗತ ಭಾಷಣ ನಡೆಯುತ್ತಿರುವಾಗ, ಇದನ್ನು ಮತ್ತೊಮ್ಮೆ ನೋಡಿ. ಚಾನೆಲ್ ಬದಲಿಸಲು ಅದೇ ಕೊನೆಯ ಅವಕಾಶ.

ಇಷ್ಟೆಲ್ಲ ಮಾಡಿದರೂ ಕಡಿಯುವ ದಿನ ಬರುತ್ತದೆ. ಅದಕ್ಕಾಗಿ ಅದೇ ರೌಟರಿಗೆ ಕೇಬಲ್ಲಿನಲ್ಲಿ ಜೋಡಿಸಿದ ಒಂದು ಲ್ಯಾಪ್‌ಟಾಪಿನಲ್ಲಿ ಮಿಕ್ಸರಿನ ಪರದೆ ಸದಾ ತೆರೆದಿರಲಿ. ಫೇಡರುಗಳಿರುವ ಮಿಕ್ಸರ್ ಆದರೆ ಅದನ್ನು ನಿಮ್ಮ ಕೈಗೆ ಎಟಕುವಲ್ಲೇ ಇರಿಸಿ, ಟ್ಯಾಬನ್ನು ನಡೆದಾಡಲು ಮಾತ್ರ ಬಳಸಿ. ನನ್ನ ವೈಫೈ ಇಲ್ಲದಿದ್ದರೂ ಒಂದು ನಿಮಿಷದಲ್ಲಿ ಮಾಸ್ಟರ್, ಅಂದರೆ ಒಟ್ಟು ಧ್ವನಿ, ಇಳಿಸಬಲ್ಲೆನೇ ಎಂದು ಕಾರ್ಯಕ್ರಮಕ್ಕೆ ಮೊದಲು ಒಮ್ಮೆ ಮಾಡಿಯೇ ನೋಡಿ.

ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ, ಓಡುವ ಗಾಡಿಯ ಮೇಲೆ ಏನು ಮಾಡಬೇಕೆಂದು ಒಬ್ಬರು ಕೇಳಿದ್ದಾರೆ. ಅಲ್ಲಿ ಪ್ರತಿ ಬೀದಿಗೂ ಗಾಳಿ ಬದಲಾಗುತ್ತದೆ. ಬೆಳಿಗ್ಗೆ ಆರಿಸಿದ ಚಾನೆಲ್ ಮುಂದಿನ ವೃತ್ತದ ಅಂಗಡಿಗಳ ರೌಟರಿಗೆ ಸಿಕ್ಕಿಬೀಳುತ್ತದೆ, ಎರಡೂ ಬದಿ ಜನ ಗಾಡಿಗೆ ಅಂಟಿಕೊಂಡು ನಡೆಯುತ್ತಾರೆ. ಕೆಳಗೆ ನಡೆಯುತ್ತ ಟ್ಯಾಬ್ ಹಿಡಿದು ಮಿಕ್ಸ್ ಮಾಡುತ್ತೇನೆಂಬ ಹಟ ಅಲ್ಲಿ ಬೇಡ. ಮಿಕ್ಸರ್ ಗಾಡಿಯ ಮೇಲೆ, ಲ್ಯಾಪ್‌ಟಾಪ್ ಐದು ಮೀಟರ್ ಕೇಬಲ್ಲಿನಲ್ಲಿ ಅದರ ಪಕ್ಕ, ಕೂರುವವನಿಗೊಂದು ಸ್ಟೂಲು, ಕೆಳಗಿನಿಂದ ಕೈಸನ್ನೆ ಮಾಡಲು ಒಬ್ಬ ಹುಡುಗ. ನಾವು ಮೆರವಣಿಗೆಗೆ ಹೋಗುವುದು ಹೀಗೆಯೇ, ರೌಟರ್ ಅಂಗಡಿಯಲ್ಲೇ ಉಳಿಯುತ್ತದೆ.